ನೀಲಮ್ಮಕ್ಕನ ಕಹರಬಾ ಸರ

ನೀಲಮ್ಮಕ್ಕ ಯಾವ ವಸ್ತು ಕೈಗೆ ಬಂದರೂ ಮೊದಲು ಅದನ್ನು ಮುಂದಿನ ಹಲ್ಲಿಗೆ ಬಡಿದು ನೋಡುತ್ತಿದ್ದರು. ಮಣಿ, ಗುಂಡಿ, ಉಂಗುರ, ಬೀಗದ ಕೈ, ಏನಾದರೂ ಸರಿ. ಟಕ್ ಎಂದು ಒಮ್ಮೆ, ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ. ಆಮೇಲೆ ಮೂಗಿನ ಹತ್ತಿರ ಹಿಡಿದು ವಾಸನೆ. ಕಣ್ಣಿನ ಸರದಿ ಕೊನೆಗೆ. ನಾನು ಹುಮನಾಬಾದಿನ ಲ್ಯಾಬಿಗೆ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಪಕ್ಕದ ಅಂಗಡಿಯವರಲ್ಲವೇ ಎಂದು ಪರಿಚಯ ಹೇಳಿಕೊಳ್ಳಲು ಹೋದರೆ, ನನ್ನ ಕೊರಳಿನ ಮುತ್ತಿನ ಸರವನ್ನು ಕೇಳದೆ ಎಳೆದು ಹಲ್ಲಿಗೆ ಬಡಿದರು. ಕೊರಳು ಸರದ ಜೊತೆಗೇ ಇದ್ದದ್ದರಿಂದ ನಾನೂ ಅವರ ಮುಖದ ಮೇಲೆ ಬಗ್ಗಿದೆ. "ಪ್ಲಾಸ್ಟಿಕ್ ಅದ ತಂಗಿ. ಹೈದರಾಬಾದ್ ಮುತ್ತು ಅಂತ ಯಾರರ ಹೇಳಿದ್ರ ನಂಬಬ್ಯಾಡ" ಎಂದರು. ಹಾಗೆ ಹೇಳಿ ಕೊಡಿಸಿದವನು ನನ್ನ ಗಂಡ. ಅವತ್ತು ಸಂಜೆ ನಮ್ಮ ಮನೆಯಲ್ಲಿ ಅಡುಗೆಗಿಂತ ಮೊದಲು ಜಗಳ ಆಯಿತು.

ನಮ್ಮದು ರಕ್ತ, ಮೂತ್ರ ಪರೀಕ್ಷೆ ಮಾಡುವ ಸಣ್ಣ ಲ್ಯಾಬು. ಬಸವಕಲ್ಯಾಣದ ಮನೆಯಿಂದ ದಿನಾ ಬಸ್ಸು ಹತ್ತಿ ಬಂದು ಹೋಗುತ್ತೇನೆ. ಗೋಡೆಯ ಆಚೆಗೆ ನೀಲಮ್ಮಕ್ಕನ ಪೂಜೆ ಸಾಮಾನಿನ ಅಂಗಡಿ. ವಿಭೂತಿ ಗಟ್ಟಿ, ಕರ್ಪೂರ, ಊದಿನಕಡ್ಡಿ ಎಲ್ಲರಲ್ಲೂ ಸಿಗುತ್ತವೆ. ಇವರಿಗೆ ಹೆಮ್ಮೆ ಇದ್ದದ್ದು ರಾಳ, ಲೋಬಾನ, ಗುಗ್ಗಳಗಳ ಮೇಲೆ. ದರ್ಗಾಕ್ಕೆ ಲೋಬಾನ ಬೇಕಾದವರೂ ಮಠಕ್ಕೆ ಗುಗ್ಗಳ ಬೇಕಾದವರೂ ಅದೇ ಕಟ್ಟೆ ಹತ್ತುತ್ತಿದ್ದರು. ಇವೆಲ್ಲ ಗಾಯವಾದ ಮರ ಸುರಿಸುವ ಹಾಲು, ಒಣಗಿ ಗಟ್ಟಿಯಾದದ್ದು ಎಂದು ನನಗೆ ಹೇಳಿದವರು ಅವರೇ. "ಮನಶ್ಯಾಗ ಗಾಯಾದ್ರ ರಕ್ತ ಬರ್ತದ, ನೀ ಅದನ್ನ ಸೀಸೆದಾಗ ತುಂಬ್ತಿ. ಗಿಡಕ್ಕ ಗಾಯಾದ್ರ ಇದು ಬರ್ತದ, ನಾ ಡಬ್ಬಿದಾಗ ತುಂಬ್ತೇನಿ. ಇಬ್ಬರದೂ ಒಂದ ಧಂದಾ ನೋಡು" ಎನ್ನುತ್ತಿದ್ದರು. ನನ್ನನ್ನು ಕರೆಯುತ್ತಿದ್ದದ್ದು ಸೂಜಿವ್ವ ಎಂದು. ಇಡೀ ಬಜಾರಿಗೆ ಆ ಹೆಸರು ಅಂಟಿತು, ಈಗಲೂ ಬಿಟ್ಟಿಲ್ಲ.

ಅವರು ಕೂರುವ ಗಾದಿಯ ಹಿಂದೆ ಬಸವಣ್ಣನ ಪಟ. ಆ ಪಟದ ಮೊಳೆಗೆ ಒಂದು ಹಳದಿ ಮಣಿಯ ಸರ ತೂಗುತ್ತಿತ್ತು. ಕೆಲವು ಮಣಿ ಜೋನಿಬೆಲ್ಲದ ಬಣ್ಣ, ಕೆಲವು ಹೆಪ್ಪುಗಟ್ಟಿದ ತುಪ್ಪದ ಬಣ್ಣ. ಅದಕ್ಕೆ ಕಹರಬಾ ಎಂದು ಹೆಸರು. ಇಂಗ್ಲಿಷಿನವರು ಅಂಬರ್ ಎನ್ನುತ್ತಾರೆ. ಬಟ್ಟೆಗೆ ತಿಕ್ಕಿ ಹಿಡಿದರೆ ಒಣಹುಲ್ಲಿನ ಎಸಳನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ಅದಕ್ಕೇ ಪಾರಸಿಯವರು ಹುಲ್ಲುಗಳ್ಳ ಎಂಬ ಅರ್ಥದ ಆ ಹೆಸರಿಟ್ಟರಂತೆ. ನೀಲಮ್ಮಕ್ಕನ ಅತ್ತೆಯ ತಾಯಿ ಅದನ್ನು ತಿರುಗಾಡಿ ಮಣಿ ಮಾರುವವನೊಬ್ಬನಿಂದ ಕೊಂಡದ್ದು. ಕಾಮಾಲೆ ಆದವರ ಕೊರಳಿಗೆ ಅದನ್ನು ಹಾಕಿದರೆ ಮೈಯ ಹಳದಿಯನ್ನು ಮಣಿಯ ಹಳದಿ ಎಳೆದುಕೊಳ್ಳುತ್ತದೆ ಎಂದು ಸುತ್ತಲ ಊರಿನ ನಂಬಿಕೆ. ಕಾಸಿಲ್ಲ, ಕಾಣಿಕೆ ಇಲ್ಲ. ಒಯ್ಯುವುದು, ವಾಸಿಯಾದ ಮೇಲೆ ತಂದು ಮೊಳೆಗೆ ಹಾಕುವುದು, ಅಷ್ಟೇ.

ಆದರೆ ನೀಲಮ್ಮಕ್ಕ ಗಾದಿಗೆ ಬಂದ ಮೇಲೆ ಒಂದು ಕಾಯಿದೆ ಮಾಡಿದ್ದರು. ಯಾರೇ ಬಂದು ಕಾಮಣಿ ಆಗ್ಯದ, ಸರ ಕೊಡ್ರಿ ಎಂದರೆ ಗೋಡೆಯ ಕಡೆ ಕೈ ತೋರಿಸುತ್ತಿದ್ದರು. "ಮೊದಲ್ ಆ ಸೂಜಿವ್ವಗ ರಕ್ತ ಕೊಡ್ರಿ. ರಿಪೋರ್ಟ್ ತಗೊಂಡು ಡಾಕ್ಟರ್ ಕಡಿ ಹೋಗ್ರಿ. ಅವ್ರ ಚೀಟಿ ತಂದು ತೋರಸ್ರಿ, ಸರ ತಗೋರಿ." ಗೊಣಗಿದರೆ ಇನ್ನೊಂದು ಮಾತು ಸಿದ್ಧವಿರುತ್ತಿತ್ತು. "ಎಷ್ಟ್ ಹಳದಿ ಅದ ಅಂತ ಸರಕ್ಕ ಗೊತ್ತಾಗಬ್ಯಾಡೇನು? ಕಮ್ಮಿ ಎಳೀಬೇಕೋ ಜಾಸ್ತಿ ಎಳೀಬೇಕೋ?" ದವಾಖಾನೆಯ ಹೆಸರು ಕೇಳಿದರೆ ಬಸ್‌ಸ್ಟ್ಯಾಂಡಿನ ದಾರಿ ಹಿಡಿಯುವ ಜನ, ಸರದ ಆಸೆಗೆ ನನ್ನ ಮುಂದೆ ತೋಳು ಚಾಚುತ್ತಿದ್ದರು. ಇಲ್ಲದಿದ್ದರೆ ಅವರು ಹೋಗುತ್ತಿದ್ದದ್ದು ಬರೆ ಹಾಕುವವರ ಹತ್ತಿರ. ಕಾಯಿಸಿದ ಕಬ್ಬಿಣದಿಂದ ಮಣಿಕಟ್ಟು ಸುಟ್ಟರೆ ಕಾಮಾಲೆ ಓಡಿಹೋಗುತ್ತದೆ ಎಂದು ಹೇಳುವ ಜನ ಈಗಲೂ ಇದ್ದಾರೆ. ನಿಮಗೆ ಸರದಲ್ಲಿ ನಂಬಿಕೆ ಇದೆಯಾ ಎಂದು ಒಮ್ಮೆ ನೀಲಮ್ಮಕ್ಕನನ್ನು ಕೇಳಿದೆ. "ಅರ್ಧ ಅದ. ಇನ್ನರ್ಧಕ್ಕ ನಿನ್ನ ಇಟ್ಟೇನಲ್ಲ" ಎಂದು ನಕ್ಕರು.

ಕಹರಬಾ ಅಂದರೆ ನಿಜಕ್ಕೂ ಏನು ಎಂದು ಫೋನಿನಲ್ಲಿ ಓದಿ ಹೇಳಿದವಳು ನಾನು. ಆಮೇಲೆ ಯಾಕಾದರೂ ಹೇಳಿದೆನೋ ಎನ್ನಿಸುವಷ್ಟು ಕಾಡಿದರು. ಅದು ಕಲ್ಲಲ್ಲ, ಮನುಷ್ಯರೇ ಹುಟ್ಟಿರದ ಕಾಲದ ಕಾಡುಗಳಲ್ಲಿ ಮರಗಳು ಸುರಿಸಿದ ರಾಳ, ಮಣ್ಣಿನಡಿ ಕೋಟಿಗಟ್ಟಲೆ ವರ್ಷ ಬಿದ್ದು ಗಟ್ಟಿಯಾದದ್ದು, ಉತ್ತರದ ಯಾವುದೋ ಚಳಿ ಸಮುದ್ರ ಅದನ್ನು ದಂಡೆಗೆ ತಂದು ಒಗೆಯುತ್ತದೆ ಎಂದೆ. ನೀಲಮ್ಮಕ್ಕ ಗಿರಾಕಿಯನ್ನು ನಿಲ್ಲಿಸಿಯೇ ಕೇಳತೊಡಗಿದರು. "ಆ ಸಮುದ್ರದ್ದು ಹುಮನಾಬಾದಿಗಿ ಹ್ಯಾಂಗ ಬಂತು? ಯಾರ್ ತಂದ್ರು? ಅವಂಗ ಹಾದ್ಯಾಗ ಏನ್ ಉಣ್ಣಾಕ ಸಿಕ್ಕಿತ್ತು?" ನನಗೆ ಗೊತ್ತಿರಲಿಲ್ಲ. "ಫೋನ್ ನೋಡು" ಎಂದರು. ಫೋನಿಗೂ ಗೊತ್ತಿರಲಿಲ್ಲ.

ಆ ವರ್ಷ ಶ್ರಾವಣದಲ್ಲಿ ಅವರು ಕಲ್ಯಾಣಕ್ಕೆ ಬಂದು ನಮ್ಮ ಮನೆಯಲ್ಲಿ ಉಳಿದರು. ಇಬ್ಬರೂ ಕೂಡಿ ನಾರಾಯಣಪುರದ ಶಿವನ ಗುಡಿಗೆ ಹೋದೆವು. ಆ ಗುಡಿಯ ಕೆತ್ತನೆ ನೋಡಲು ದೂರದೂರದ ಜನ ಬರುತ್ತಾರೆ. ನೀಲಮ್ಮಕ್ಕ ಮಾತ್ರ ಹೊರಗಿನ ಬೇವಿನ ಮರದ ಹತ್ತಿರ ನಿಂತುಬಿಟ್ಟರು. ಕಾಂಡದಿಂದ ಇಳಿದ ಅಂಟಿನಲ್ಲಿ ಒಂದು ಕೆಂಪಿರುವೆ ಸಿಕ್ಕಿಕೊಂಡು ಕಾಲು ಆಡಿಸುತ್ತಿತ್ತು. ಅಂಬರಿನ ಒಳಗೂ ಹೀಗೇ ಸಿಕ್ಕ ಇರುವೆ, ಸೊಳ್ಳೆಗಳು ಕಾಣಸಿಗುತ್ತವೆ ಎಂದು ನಾನು ಹೇಳಿದ್ದೇ ತಪ್ಪಾಯಿತು. ಸೀರೆಯ ಪಿನ್ನು ಬಿಚ್ಚಿ ಅದರ ಬಿಡುಗಡೆಗೆ ನಿಂತರು. "ತಡಿ, ಇದಕ್ಕ ಕ್ವಾಟಿ ವರ್ಷ ಇಲ್ಲೇ ಬಿದ್ದಿರು ಅಂದ್ರ ಹ್ಯಾಂಗ? ಮನ್ಯಾಗ ಯಾರರ ಕಾಯಾಕತ್ತಿರ್ತಾರ." ಇರುವೆ ಬಿಡಿಸಿಕೊಂಡು ಅವರ ಬೆರಳನ್ನೇ ಕಚ್ಚಿ ಹೋಯಿತು. ಅದೇ ಅಂಟಿನ ಒಂದು ಉಂಡೆಯನ್ನು ತಂದು, ಜೊತೆಗೆ ಅಂಗಡಿಯ ರಾಳದ ಒಂದು ಚೂರನ್ನಿಟ್ಟು, ತಮ್ಮ ಅಂಗಡಿಯ ಮುಂದಿನ ತುಳಸಿ ಕುಂಡದಲ್ಲಿ ಹೂತರು. ಯಾವುದು ಮೊದಲು ಕಹರಬಾ ಆಗುತ್ತದೋ ನೋಡಬೇಕಂತೆ. ಮಳೆಗೆ ಬೇವಿನ ಅಂಟು ಕರಗಿ ಹೋಯಿತು, ರಾಳ ಉಳಿಯಿತು. ಅದನ್ನು ಆಗಾಗ ಅಗೆದು ತೆಗೆದು ಹಲ್ಲಿಗೆ ಬಡಿದು ಮತ್ತೆ ಹೂಳುತ್ತಿದ್ದರು. ಹೀಗೆ ಅಗೆಯುತ್ತಿದ್ದರೆ ಅದು ಕಲ್ಲಾಗುವುದು ಯಾವಾಗ ಎಂದು ನಾನು ಬೈದೆ.

ಜಗತ್ತಿನ ಎಲ್ಲವನ್ನೂ ಹಲ್ಲಿಗೆ ಬಡಿದ ಈ ಹೆಂಗಸು ಆ ಸರವೊಂದನ್ನು ಮಾತ್ರ ಎಂದೂ ಬಡಿದು ನೋಡಿರಲಿಲ್ಲ. ಅತ್ತೆ ಕೊಟ್ಟದ್ದನ್ನು ಯಾರಾದರೂ ಪರೀಕ್ಷೆ ಮಾಡುತ್ತಾರೆಯೇ? ಅದೂ ಅಲ್ಲದೆ ರೋಗಿಗಳ ಕೊರಳಿನದು. ಬಾಯಿಗಿಡಬೇಡಿ ಎಂದು ನಾನೂ ಕಟ್ಟಪ್ಪಣೆ ಮಾಡಿದ್ದೆ. ಒಂದು ದಿನ ದಾರ ಸವೆದು ಸರ ಹರಿಯಿತು. ಮಣಿಗಳನ್ನು ಅಂಟುವಾಳದ ನೀರಲ್ಲಿ ತೊಳೆದು, ಹೊಸ ದಾರಕ್ಕೆ ಪೋಣಿಸಲು ಕುಳಿತಾಗ ಕೈ ತಡೆಯಲಿಲ್ಲ. ಸ್ವಲ್ಪ ಹೊತ್ತಿಗೆ ಗೋಡೆಯನ್ನು ಗುದ್ದಿ ನನ್ನನ್ನು ಕರೆದರು. ಹೋದರೆ ಮುಖ ಸಣ್ಣದಾಗಿತ್ತು. "ಸೂಜಿವ್ವಾ, ಒಂದೊಂದು ಒಂದೊಂದು ಸಪ್ಪಳ ಮಾಡಾಕತ್ತಾವ. ಇದ್ರಾಗ ಕಾಜಿನವೂ ಅದಾವ. ಖರೆ ಯಾವು, ಖೊಟ್ಟಿ ಯಾವು, ನಿನ್ನ ಫೋನಿನ್ಯಾಗ ಏನರ ಹಿಕಮತ್ತು ಅದ ಏನ್ ನೋಡು."

ಹಿಕಮತ್ತು ಇತ್ತು. ಗಟ್ಟಿ ಉಪ್ಪುನೀರಿನಲ್ಲಿ ಅಂಬರ್ ತೇಲುತ್ತದೆ, ಗಾಜು ಮುಳುಗುತ್ತದೆ. ನಾನು ಬೇಡವೆಂದೆ. ದಿನವಿಡೀ ಪರೀಕ್ಷೆ ಮಾಡಿಯೇ ಅನ್ನ ತಿನ್ನುವ ನನಗೆ ಈ ಪರೀಕ್ಷೆಯೊಂದು ಬೇಡವಾಗಿತ್ತು. ಸರ ಸುಳ್ಳೆಂದಾದರೆ ಇವರು ಕೊಡುವುದನ್ನು ನಿಲ್ಲಿಸುತ್ತಾರೆ, ಸರ ಇಲ್ಲದಿದ್ದರೆ ಜನ ನನ್ನ ಹತ್ತಿರವೂ ಬರುವುದಿಲ್ಲ, ಡಾಕ್ಟರ ಹತ್ತಿರವೂ ಹೋಗುವುದಿಲ್ಲ. ಇದನ್ನೆಲ್ಲ ಬಿಡಿಸಿ ಹೇಳಿದೆ. ನೀಲಮ್ಮಕ್ಕ ಕೇಳಿಸಿಕೊಂಡು, "ಗೊತ್ತಿಲ್ದ ಕೊಡೋದು ಬ್ಯಾರೆ. ಶಂಕಾ ಬಂದ ಮ್ಯಾಲ ಕಣ್ ಮುಚ್ಚಿ ಕೊಡೋದು ಬ್ಯಾರೆ. ಸುಳ್ಳು ಮಣಿ ನಾ ಯಾರ ಕೊಳ್ಳಾಗೂ ಹಾಕಂಗಿಲ್ಲ" ಎಂದು ಸ್ಟೀಲಿನ ಬೋಗುಣಿ ತಂದಿಟ್ಟರು.

ಮೊದಲು ಮಜ್ಜಿಗೆಗೆ ಹಾಕುವಷ್ಟು ಉಪ್ಪು ಹಾಕಿದರು. ಮಣಿಗಳೆಲ್ಲ ಒಂದೂ ಬಿಡದೆ ತಳ ಸೇರಿದವು. ಅವರು ಬೋಗುಣಿ ನೋಡುತ್ತಾ ಕುಳಿತರು. "ಮುಗೀತು ಬಿಡು. ನಮ್ಮತ್ತಿಗೂ ಗೊತ್ತಿರಲಿಲ್ಲ ಪಾಪ" ಎಂದರು. ಉಪ್ಪು ಸಾಲದು ಎಂದು ನಾನೇ ಮುಷ್ಟಿ ಮುಷ್ಟಿ ತೆಗೆದು ಸುರಿದೆ. ಕಲಸಿದಂತೆಲ್ಲ ನೀರು ದಪ್ಪವಾಯಿತು. ಒಂದು ಮಣಿ ಅಲುಗಿತು, ಎಣ್ಣೆಯಲ್ಲಿ ಬಿಟ್ಟ ಭಜಿಯಂತೆ ಮೆಲ್ಲಗೆ ಮೇಲೆ ಬಂತು. ಅದರ ಹಿಂದೆ ಇನ್ನೊಂದು, ಮತ್ತೊಂದು. ನಾಲ್ಕು ತೇಲಿದವು. ಉಳಿದವು ಬರಲಿ ಎಂದು ನೀಲಮ್ಮಕ್ಕ ಇನ್ನೂ ಉಪ್ಪು ಹಾಕುತ್ತಲೇ ಇದ್ದರು. ಕೊನೆಗೆ ಉಪ್ಪೂ ಕರಗದೆ ಆ ಮಣಿಗಳ ಮೇಲೆಯೇ ಕುಳಿತುಕೊಂಡಿತು. ಯಾರು ಯಾರೋ ಕಳೆದುಕೊಂಡ ಮಣಿಗಳ ಜಾಗಕ್ಕೆ ಯಾರು ಯಾರೋ ಜಾತ್ರೆಯ ಗಾಜನ್ನೂ ಪ್ಲಾಸ್ಟಿಕ್ಕನ್ನೂ ಪೋಣಿಸುತ್ತ ಬಂದಿದ್ದರು ಅಂತ ಕಾಣುತ್ತದೆ.

ಕೆಲವು ಪ್ಲಾಸ್ಟಿಕ್ಕೂ ತೇಲುತ್ತದೆ ಎಂದು ನಾನು ಹೇಳಿದ್ದರಿಂದ, ತೇಲಿದವಕ್ಕೆ ಇನ್ನೊಂದು ಪರೀಕ್ಷೆ ಆಯಿತು. ದೀಪಕ್ಕೆ ಸೂಜಿ ಕಾಯಿಸಿ ರಂಧ್ರದ ಒಳಗೆ ತುಸುವೇ ತಾಗಿಸುವುದು. ಮೊದಲ ಮಣಿ ಸುಟ್ಟ ಬಾಚಣಿಗೆಯ ನಾತ ಹೊಡೆಯಿತು. ಎರಡನೆಯದಕ್ಕೆ ಸೂಜಿ ತಾಗಿದ್ದೇ ನೀಲಮ್ಮಕ್ಕ ಕಣ್ಣು ಮುಚ್ಚಿದರು. ನನ್ನ ಮೂಗಿಗೂ ಬಂತು. ರಾಳದ್ದೇ ವಾಸನೆ, ಆದರೆ ಎಲ್ಲೋ ದೂರದ್ದು. "ಇದು ನಮ್ಮ ರಾಳದ ಅಜ್ಜಿ!" ಎಂದು ಕೂಗಿದರು. ಮೂರು ಮಣಿಗಳಿಗೂ ಅದೇ ವಾಸನೆ. "ಆ ಗಿಡ ಸತ್ತು ಎಷ್ಟ್ ದಿನಾತೋ ಏನೋ, ಇನ್ನಾ ಉಸರಾಡಾಕತ್ತದ ನೋಡು" ಎನ್ನುವಾಗ ಅವರ ಕಣ್ಣಲ್ಲಿ ನೀರಿತ್ತು. ಸಂತೋಷದ್ದೇ. ಅವತ್ತು ನನಗೂ ಮೈ ಜುಮ್ಮೆಂದಿತು, ಸುಳ್ಳು ಹೇಳುವುದಿಲ್ಲ.

ಮಾತಿಗೆ ತಪ್ಪದೆ ಆ ಮೂರನ್ನು ಮಾತ್ರ ದಾರಕ್ಕೆ ಪೋಣಿಸಿ ಮೊಳೆಗೆ ಹಾಕಿದರು. ಉಳಿದವು ಡಬ್ಬಿ ಸೇರಿದವು. ಅದಾಗಿ ಸ್ವಲ್ಪ ದಿನಕ್ಕೆ ದುಬಲಗುಂಡಿಯಿಂದ ಕಾಶಪ್ಪ ಬಂದ. ಹೊಲದ ಕೂಲಿ ಮಾಡುವವನು, ಮೂವತ್ತರ ಆಸುಪಾಸು, ಕಣ್ಣು ಅರಿಸಿನದ ಹಾಗೆ. ಹಿಂದೆ ಅವನ ಅವ್ವ ಇದೇ ಸರ ಒಯ್ದು ವಾಸಿಯಾಗಿದ್ದಳು. ರಕ್ತ ಕೊಡುವ ಮೊದಲು ಸರ ಇದೆಯೋ ಇಲ್ಲವೋ ಎಂದು ಕಟ್ಟೆಯಿಂದಲೇ ಇಣುಕಿದ. ಮೂರು ಮಣಿಯ ದಾರ ಕಂಡಿತು.

"ಅಕ್ಕಾ, ಇದಲ್ರಿ. ಆ ದೊಡ್ಡ ಸರ ಕೊಡ್ರಿ."

"ಅದು ಕಾಜು ಅದಪಾ. ಇದ ಖರೇದು. ಮೊದಲ್ ರಕ್ತ ಕೊಟ್ಟು ಬಾ."

ಕಾಶಪ್ಪ ಆ ಮೂರು ಮಣಿಗಳನ್ನು ಇನ್ನೊಮ್ಮೆ ನೋಡಿದ. ಆಮೇಲೆ ಮೆತ್ತಗೆ ಕೇಳಿದ. "ನಮ್ಮಂಥವ್ರಿಗಿ ಮೂರ ಮಣಿ ಏನ್ರಿ ಅಕ್ಕಾ? ಆ ಸರ ಇನ್ನ ಮ್ಯಾಲ ನಿಮ್ಮವ್ರಿಗಷ್ಟ ಏನ್ರಿ?"

ನೀಲಮ್ಮಕ್ಕನಿಗೆ ಅದು ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅರ್ಥವಾಗಿ ಅವರು ಡಬ್ಬಿಯ ಕಡೆ ಕೈ ಚಾಚುವಷ್ಟರಲ್ಲಿ ಅವನು ಕಟ್ಟೆ ಇಳಿದು ಹೋಗಿದ್ದ. ನನ್ನ ಬಾಗಿಲಿಗೂ ಬರಲಿಲ್ಲ. ಅವರು ಚಪ್ಪಲಿ ಇಲ್ಲದೆ ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಹುಡುಕಿ ಬಂದರು. ಅವನು ಸಿಗಲಿಲ್ಲ. ಆಮೇಲೆ ಸುದ್ದಿ ಬಂತು: ಬರೆ ಹಾಕಿಸಿಕೊಂಡನಂತೆ, ಕೈ ಬಾತುಕೊಂಡಿತಂತೆ, ಕಾಮಾಲೆ ಏರಿ ಎಚ್ಚರ ತಪ್ಪಿ ಬೀದರಿನ ಆಸ್ಪತ್ರೆಗೆ ಒಯ್ದರಂತೆ. ಅವನು ಬದುಕಿ ಊರಿಗೆ ಬರುವವರೆಗೆ ನೀಲಮ್ಮಕ್ಕ ಏನನ್ನೂ ಹಲ್ಲಿಗೆ ಬಡಿಯಲಿಲ್ಲ. "ಖರೆ ಹೇಳಿದೆ ಸೂಜಿವ್ವಾ. ಖರೆ ಹೇಳಿ ಒಬ್ಬಂವನ ಕೈ ಸುಟ್ಟೆ" ಎಂದು ಮತ್ತೆ ಮತ್ತೆ ಅದನ್ನೇ ಹೇಳುತ್ತಿದ್ದರು.

ಅವನು ಮನೆಗೆ ಬಂದ ಸುದ್ದಿ ಸಿಕ್ಕ ದಿನ ಅಂಗಡಿಗೆ ಬೀಗ ಹಾಕಿ ನನ್ನನ್ನೂ ಎಳೆದುಕೊಂಡು ದುಬಲಗುಂಡಿಯ ಬಸ್ಸು ಹತ್ತಿದರು. ಕಾಶಪ್ಪನ ಮನೆಯ ಗೋಡೆಗೆ ಬುದ್ಧನ ಪಟವಿತ್ತು. ಅವನು ಹೊರಸಿನ ಮೇಲೆ ಮಲಗಿದ್ದ, ಮಣಿಕಟ್ಟಿಗೆ ಪಟ್ಟಿ. ನಮ್ಮನ್ನು ನೋಡಿ ಗೋಡೆಯ ಕಡೆ ಹೊರಳಿದ. ನೀಲಮ್ಮಕ್ಕ ನೆಲದ ಮೇಲೆ ಕೂತು ಅವನ ಅವ್ವನಿಗೆ, "ಅವ್ವಾ, ನಿಮ್ಮ ಮನಿ ನೀರು, ನಿಮ್ಮ ಮನಿ ಉಪ್ಪು ತರ್ರಿ" ಎಂದರು. ಆಕೆ ತಂದಳು. ಡಬ್ಬಿಯ ಮಣಿ, ಮೂರು ಮಣಿ ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ, ಉಪ್ಪು ಕಲಸುವ ಕೆಲಸ ಆಕೆಗೇ ಕೊಟ್ಟರು. ಮೂರು ತೇಲಿದವು, ಜೊತೆಗೆ ಆ ಪ್ಲಾಸ್ಟಿಕ್ಕಿನ ಖದೀಮನೂ. ಆ ಖದೀಮನ ಕಥೆಯನ್ನೂ ಬಿಡದೆ ಹೇಳಿದರು. ಕಾಶಪ್ಪ ಯಾವಾಗ ಈ ಕಡೆ ಹೊರಳಿದನೋ ತಿಳಿಯಲಿಲ್ಲ. ಮೊಣಕೈ ಊರಿ ಎದ್ದು ಪಾತ್ರೆಯಲ್ಲಿ ಬೆರಳಿಟ್ಟು ಮಣಿಗಳನ್ನು ಒತ್ತಿ ಮುಳುಗಿಸಿ ನೋಡಿದ. ಅವು ಮತ್ತೆ ಮೇಲೆ ಬಂದವು.

"ಹಂಗಾದ್ರ ಮೂರ ಕೊಟ್ಟಿದ್ದು ಚಲೋವ ಕೊಟ್ಟಿದ್ರಿ" ಎಂದ.

"ಚಲೋವ ಕೊಟ್ಟಿದ್ದೆ. ಹೇಳೋದು ಚಲೋ ಹೇಳ್ಲಿಲ್ಲ, ನಿಲ್ಲಿಸಿ ಕೂಡಿಸಿ ತೋರಿಸಬೇಕಿತ್ತು. ಸಿಟ್ಟಿದ್ರ ಬೈದುಬಿಡಪಾ."

ಅವನು ಬೈಯಲಿಲ್ಲ. ಮಣಿಗಳನ್ನು ಒರೆಸಿ ಒಂದೊಂದೇ ಕಂಬಳಿಗೆ ತಿಕ್ಕಿ ಜೋಳದ ಹೊಟ್ಟಿನ ಎಸಳಿಗೆ ಹಿಡಿದು ನೋಡತೊಡಗಿದ. ಎದ್ದು ಹೊಲಕ್ಕೆ ಹೋಗುತ್ತೇನೆ ಎಂದು ಬೆಳಗಿನಿಂದ ಹಟ ಹಿಡಿದಿದ್ದನೆಂದು ಹೇಳುತ್ತಾ ಅವನ ಅವ್ವ ಚಹಾ ತಂದಳು, ಕುಡಿದೆವು. ಬಸ್ಸಿನ ಹೊತ್ತಾದರೂ ಅವನು ಮಣಿ ಬಿಡಲೊಲ್ಲ. ಕೊನೆಗೆ ಎಲ್ಲವನ್ನೂ ಅವನ ಹತ್ತಿರವೇ ಬಿಟ್ಟು ಬಂದೆವು. ಬಸ್ಸಿನಲ್ಲಿ ನೀಲಮ್ಮಕ್ಕನಿಗೆ ತಮ್ಮ ಹಳೆಯ ಗೆಲುವು ವಾಪಸ್ಸು ಬಂದಿತ್ತು. "ನೋಡ್ದಿ? ಎದ್ದು ಹೊಲಕ್ಕ ಹೋಗ್ತೇನಿ ಅನ್ನಾಂವ ಹ್ಯಾಂಗ ಹಾಸಗಿ ಹಿಡದು ಕುಂತ!"

ಅಲ್ಲಿಂದ ಮುಂದೆ ಸರಕ್ಕೆ ಹೊಸ ಕಾಯಿದೆ ಬಂತು. ಕಾಶಪ್ಪ ವಾಸಿಯಾಗಿ ಮಣಿಗಳನ್ನು ತಂದುಕೊಟ್ಟ ಮೇಲೆ ಖರೆ ಖೊಟ್ಟಿ ಎಲ್ಲ ಕೂಡಿಸಿ ಮೊದಲಿನಂತೆ ಪೋಣಿಸಿದರು. ರಕ್ತ ಕೊಟ್ಟು, ಡಾಕ್ಟರ ಚೀಟಿ ತಂದವರಿಗೆ ಇದ್ದದ್ದನ್ನು ಇದ್ದಂತೆ ಹೇಳಿ ಕೊಡುತ್ತಿದ್ದರು. "ಇದ್ರಾಗ ಮೂರ ಖರೆ, ಉಳದದ್ದು ಖೊಟ್ಟಿ. ಇದು ಬೇಮಾರಿ ಎಳೀತದೋ ಇಲ್ಲೋ ನಂಗ ಗೊತ್ತಿಲ್ಲ, ಗುಳಗಿ ತಪ್ಪಸಬ್ಯಾಡ್ರಿ. ಮಲಕ್ಕೊಂಡು ತಿಕ್ಕಿ ನೋಡ್ರಿ, ಆ ಮೂರು ಯಾವು ಅಂತ ಬಂದು ಹೇಳ್ರಿ." ಜನ ಬೇಡವೆನ್ನುತ್ತಾರೆ ಎಂದು ನಾನು ಹೆದರಿದ್ದೆ. ಒಬ್ಬರೂ ಬೇಡವೆನ್ನಲಿಲ್ಲ. ಹೊಲ, ದನ, ಒಲೆ ಎಂದು ಒದ್ದಾಡುವವರು ಮಣಿ ತಿಕ್ಕುತ್ತಾ ಮಲಗಿದರು. ತಿಕ್ಕಿದರೆ ಪ್ಲಾಸ್ಟಿಕ್ಕೂ ಹೊಟ್ಟು ಎಳೆಯುತ್ತದೆ, ಮಳೆಗಾಲದ ತೇವಕ್ಕೆ ಖರೇದೂ ಎಳೆಯುವುದಿಲ್ಲ. ಹಾಗಾಗಿ ಒಬ್ಬರ ಉತ್ತರ ಇನ್ನೊಬ್ಬರದಕ್ಕೆ ಕೂಡುತ್ತಿರಲಿಲ್ಲ. ಇದು ಮೋಸವಲ್ಲವೇ ಎಂದು ಕೇಳಿದೆ. "ಕೇಳಿದವ್ರಿಗಿ ಉಪ್ಪುನೀರು ಮಾಡಿ ತೋರಸ್ತೇನಲ್ಲ? ಯಾರೂ ಕೇಳಂಗಿಲ್ಲ. ತಾವ ಹುಡುಕಬೇಕು ಅಂತಾರ" ಎಂದರು. ಅದು ನಿಜ.

ಕೊನೆಯ ಸಲ ನಾನು ಅವರನ್ನು ನೋಡಿದ್ದು ಒಂದು ಶನಿವಾರ. ಎರಡು ದಿನ ರಜೆ ಹಾಕಿದ್ದೇನೆ, ಮನೆಯಲ್ಲಿ ಕೆಲಸವಿದೆ ಎಂದು ಹೇಳಿ ಬಸ್ಸಿಗೆ ಓಡುತ್ತಿದ್ದೆ. "ಹೋಗು ಹೋಗು. ಅಂದಂಗ ಸೂಜಿವ್ವಾ, ಆ ಸಮುದ್ರದ ನೀರಿನ್ಯಾಗ ಉಪ್ಪು ಎಷ್ಟ್ ಇರ್ತದ ಕೇಳಿ ಬಾ" ಎಂದರು. ಯಾರನ್ನು ಕೇಳಲಿ ಎಂದು ನಾನು ನಿಲ್ಲದೆ ನಕ್ಕು ಹೋದೆ. ಸೋಮವಾರ ಮಧ್ಯಾಹ್ನ ಊಟ ಮಾಡಿ ಗಾದಿಗೆ ಒರಗಿದವರು ಮತ್ತೆ ಏಳಲಿಲ್ಲ. ಹೃದಯ ಎಂದರು. ನಾನು ಹೋಗುವ ಹೊತ್ತಿಗೆ ಹೊಲದಲ್ಲಿ ಮಣ್ಣು ಕೊಟ್ಟಾಗಿತ್ತು.

ಮರುದಿನ ಲ್ಯಾಬಿನ ಬಾಗಿಲು ತೆಗೆದೆ. ಪಕ್ಕದ ಬೀಗ ಹಾಗೇ ಇತ್ತು. ಹಗಲೆಲ್ಲ ಗೋಡೆಯ ಆಚೆ ಸದ್ದಿಲ್ಲ, ಹೊಗೆಯಿಲ್ಲ. ನನಗೆ ನನ್ನ ಸ್ಪಿರಿಟಿನ ವಾಸನೆ ಮೊದಲ ಸಲ ಅಷ್ಟು ಜೋರಾಗಿ ಹೊಡೆಯಿತು. ಹನ್ನೊಂದರ ಹೊತ್ತಿಗೆ ಕಾಶಪ್ಪ ಬಂದ. ಜೊತೆಗೆ ಅವನ ತಮ್ಮ, ಕಣ್ಣು ಹಳದಿ. ಕಾಶಪ್ಪನಿಗೆ ಸುದ್ದಿ ಗೊತ್ತಿರಲಿಲ್ಲ. ನಾನು ಹೇಳಿದೆ. ಅವನು ನೀಲಮ್ಮಕ್ಕನ ಕಟ್ಟೆಯ ಮೇಲೆ ಕೂತ, ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ತಮ್ಮ ಏನು ಮಾಡಬೇಕೆಂದು ತಿಳಿಯದೆ ಬೀಗವನ್ನೂ ನನ್ನನ್ನೂ ನೋಡುತ್ತಿದ್ದ.

"ಸರ ಒಳಗೇ ಇದೆ ಕಾಶಪ್ಪ. ಮನೆಯವರು ಸಮಾಧಿ ಪೂಜೆಗೆ ಹೊಲಕ್ಕೆ ಹೋಗಿದ್ದಾರೆ. ಅವರು ಬಂದ ಮೇಲೆ..." ಎಂದು ನಾನು ಶುರು ಮಾಡಿದೆ. ಹೀಗೇ ಅಲ್ಲವೇ ಎಲ್ಲರೂ ತಿರುಗಿ ಹೋಗುವುದು ಎಂಬ ಹೆದರಿಕೆ ನನ್ನ ದನಿಯಲ್ಲೇ ಇತ್ತು.

ಕಾಶಪ್ಪ ಎದ್ದ. ತಮ್ಮನ ಅಂಗಿಯ ತೋಳನ್ನು ಸುಟ್ಟ ಕಲೆಯ ಕೈಯಿಂದಲೇ ಮೇಲಕ್ಕೆ ಮಡಚಿ, ಅವನನ್ನು ನನ್ನ ಕುರ್ಚಿಯಲ್ಲಿ ಕೂಡಿಸಿದ.

"ಸರ ಇರ್ಲಿ ಬಿಡ್ರಿ, ಸೂಜಿವ್ವ. ನೀವ್ ರಕ್ತ ತಗೋರಿ."